ಇತರ ಎಂಬ ಕಾಲಂ

ಮೀನಿನ ಬಗ್ಗೆ ಬರೆಯಲು ಚಂದ್ರಗಿರಿ ಹೊಳೆಯ ದಂಡೆಯಲ್ಲಿ ಬೆಳೆದವರಿಗೆ ಇರುವ ಅಧಿಕಾರ ನನಗಿಲ್ಲ. ನನ್ನೂರು ದರಿಬಡಚಿ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿದೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಕಚೇರಿಯಲ್ಲಿ ಮರಾಠಿ ಎಂಬುದು ನಮ್ಮ ದಿನಚರಿ. ಕೃಷ್ಣೆ ಒಂದು ಕಡೆ, ಭೀಮೆ ಇನ್ನೊಂದು ಕಡೆ. ಎರಡೂ ನಮ್ಮಿಂದ ದೂರ. ಡೋಣಿ ನದಿ ಹುಟ್ಟುವುದು ನಮ್ಮ ತಾಲೂಕಿನಲ್ಲೇ. ಆದರೆ ‘ಡೋಣಿ ಬೆಳೆದರೆ ಓಣಿಯೆಲ್ಲ ಕಾಳು’ ಎಂಬ ಮಾತು ಹುಟ್ಟಿದ್ದು ಕೆಳಗೆ, ವಿಜಯಪುರದ ಎರೆಹೊಲಗಳಲ್ಲಿ. ತವರಿನಲ್ಲಿ ಅದು ಬರಿಯ ಹಳ್ಳ. ಮಳೆಗಾಲ ಮುಗಿದು ಎರಡು ತಿಂಗಳಾದರೆ ಹಳ್ಳದಲ್ಲಿ ಉಳಿಯುವುದು ಮರಳು ಮತ್ತು ಜಾಲಿ.

ಹೀಗಿರುವಾಗ, ‘ಇನ್ನೊಂದು ಗಡಿಯ ಕನ್ನಡಿಗರೂ ನಮ್ಮ ಸಂಚಿಕೆಗೆ ಬರೆಯಲಿ, ನೀರಿನ ವಿಷಯವಾದರೆ ಒಳ್ಳೆಯದು’ ಎಂದು ಕಾಸರಗೋಡಿನ ಗೆಳೆಯರು ಕೇಳಿದಾಗ ನನಗೆ ನಗು ಬಂತು. ನೀರಿಲ್ಲದಿರುವ ವಿಷಯವಾದರೆ ಹಾಳೆಗಟ್ಟಲೆ ಬರೆಯಬಹುದು. ಆದರೆ ಅದನ್ನು ಎಲ್ಲರೂ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಮೀನಿನ ಲೆಕ್ಕದ ಬಗ್ಗೆ. ಲೆಕ್ಕ ನನ್ನ ಕಸುಬು. ಹಲವು ವರ್ಷಗಳಿಂದ ಬ್ಯಾಂಕೊಂದರ ಶಾಖೆಯಲ್ಲಿ ಗುಮಾಸ್ತನಾಗಿದ್ದೇನೆ. ಓದಿದ್ದು ವಿಜಯಪುರದಲ್ಲಿ ಬಿ.ಎ., ಕನ್ನಡ ಮತ್ತು ಇತಿಹಾಸ. ಆ ಎರಡರಿಂದ ಬ್ಯಾಂಕಿಗೆ ಏನೂ ಲಾಭವಾಗಿಲ್ಲ. ನನಗೆ ಸ್ವಲ್ಪ ಆಗಿದೆ.

ನಮ್ಮ ಕಡೆಯ ಮೀನು ಕೆರೆಯ ಮೀನು. ಬರಗಾಲದ ಕಾಮಗಾರಿಗಳಲ್ಲಿ ಕಟ್ಟಿದ ಕೆರೆಗಳು ಜತ್ತ ತಾಲೂಕಿನಲ್ಲಿ ಅಲ್ಲಲ್ಲಿ ಇವೆ. ಅವುಗಳಲ್ಲಿ ಮೀನು ಹಿಡಿಯುವ ಹಕ್ಕನ್ನು ಸರಕಾರ ಮೀನುಗಾರರ ಸಹಕಾರಿ ಸಂಘಗಳಿಗೆ ಐದೈದು ವರ್ಷದ ಗುತ್ತಿಗೆಗೆ ಕೊಡುತ್ತದೆ. ಮಳೆ ಬಂದು ಕೆರೆಗೆ ನೀರು ನಿಂತ ಮೇಲೆ ಬೀಜ ಬರುತ್ತದೆ. ಬೀಜವೆಂದರೆ ಮೀನಿನ ಮರಿ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ, ರಾತ್ರಿಯ ತಂಪಿನಲ್ಲಿ, ಟೆಂಪೋದ ಮೇಲೆ ಬರುತ್ತದೆ. ಕಾಟ್ಲಾ, ರೋಹು, ಮೃಗಾಲ್ ಎಂದು ಮೂರು ಜಾತಿ. ಕಾಟ್ಲಾ ಮೇಲಿನ ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಮೂರಂತಸ್ತಿನ ಮನೆಯಲ್ಲಿ ಮೂವರು ಬಾಡಿಗೆದಾರರು ಜಗಳವಿಲ್ಲದೆ ಇದ್ದಂತೆ. ಮೂರೂ ಗಂಗೆಯ ಬಯಲಿನ ಮೀನುಗಳು. ನಿಂತ ನೀರಿನಲ್ಲಿ ಅವು ದಪ್ಪವಾಗುತ್ತವೆಯೇ ಹೊರತು ಮರಿ ಹಾಕುವುದಿಲ್ಲ. ಅವಕ್ಕೆ ಹರಿಯುವ ಹೊಳೆಯ ಪ್ರವಾಹ ಬೇಕು. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಇನ್ನೊಂದು ಮೀನಿನ ಗ್ರಂಥಿಯ ರಸವನ್ನು ಚುಚ್ಚಿ, ಹೊಳೆಯಿಲ್ಲದೆಯೂ ಇಂಥ ಮೀನುಗಳಿಂದ ಮೊಟ್ಟೆ ಇಡಿಸಬಹುದೆಂದು ತೋರಿಸಿದರು. ಅದರಿಂದಲೇ ದರಿಬಡಚಿಯಂಥ ಊರಿಗೂ ಗಂಗೆಯ ಮೀನು ಬಂತು. ಪ್ರತಿ ವರ್ಷ ಕೊಂಡು ತಂದು ಬಿಡಬೇಕು, ಬೇಸಿಗೆಯೊಳಗೆ ಹಿಡಿದು ಮಾರಬೇಕು. ಕೆರೆ ಒಣಗಿದರೆ ಅಸಲೂ ಹೋಯಿತು.

ಇದೆಲ್ಲ ನನಗೆ ತಿಳಿದದ್ದು ಕೌಂಟರಿನ ಈಚೆ ಕುಳಿತು. ನಮ್ಮ ಕಡೆ ಮೀನು ಹಿಡಿಯುವವರು ಅಂಬಿಗರು. ಮರಾಠಿಯಲ್ಲಿ ಭೋಯಿ ಎನ್ನುತ್ತಾರೆ. ಅವರಲ್ಲಿ ಒಬ್ಬ ಹಿರಿಯರು ನನಗೆ ಚೆನ್ನಾಗಿ ಪರಿಚಿತರು. ಎಲ್ಲರೂ ತಾತ್ಯಾ ಎಂದು ಕರೆಯುವುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಒಮ್ಮೆ ಸಂಘದ ಸಾಲದ ಕಾಗದಗಳ ಜೊತೆ ವರ್ಷದ ಹಿಡುವಳಿಯ ತಖ್ತೆ ತಂದಿದ್ದರು. ಕಾಟ್ಲಾ ಇಷ್ಟು ಕಿಲೋ, ರೋಹು ಇಷ್ಟು, ಮೃಗಾಲ್ ಇಷ್ಟು. ಕೊನೆಯ ಕಾಲಂ ‘ಇತರ’. ಕನ್ನಡದಲ್ಲೂ ಮರಾಠಿಯಲ್ಲೂ ಇದು ಒಂದೇ ಶಬ್ದ, ಅರ್ಥವೂ ಒಂದೇ. ‘ಇತರ’ದ ಮುಂದೆ ಬರೆದ ತೂಕ ಸಣ್ಣದಾಗಿರಲಿಲ್ಲ.

‘ತಾತ್ಯಾ, ಈ ಇತರದಾಗ ಏನೇನ್ ಬರ್ತಾವು?’ ಎಂದು ಕೇಳಿದೆ.

‘ನಾವು ಬಿಡದೇ ಇದ್ದದ್ದೆಲ್ಲಾ ಬರ್ತಾವ ನೋಡ್ರಿ ಸಾಹೇಬ್ರ. ಹಳ್ಳದಾಗಿಂದ ತಾವಾಗೇ ಬಂದಾವು. ಕೊರವ ಐತಿ, ಚೇಳುಮೀನ ಐತಿ, ಹಾವುಮೀನ ಐತಿ. ಅವಕ್ಕ ಬೀಜದ ರೊಕ್ಕಾ ಕೊಟ್ಟಿಲ್ಲ, ಹಂಗಾಗಿ ಹೆಸರೂ ಹಚ್ಚಿಲ್ಲ.’

ಕೊರವ ಎಂದರೆ ಮರಾಠಿಯ ಮರಳ, ನಿಮ್ಮ ಮಲಯಾಳದ ವರಾಲ್. ಮಾರುಕಟ್ಟೆಯಲ್ಲಿ ಕಾಟ್ಲಾಗಿಂತ ಹೆಚ್ಚಿನ ಬೆಲೆಗೆ ಹೋಗುವ ಮೀನು. ಆದರೂ ಕಾಗದದ ಮೇಲೆ ಅದು ಇತರ. ಯಾವ ಮೀನಿಗೆ ಖರ್ಚು ಬಿದ್ದಿದೆಯೋ ಅದಕ್ಕೆ ಹೆಸರು. ಊರಿನಲ್ಲೇ ಇದ್ದ ಮೀನಿಗೆ ಹೆಸರಿನ ಅಗತ್ಯ ಕಚೇರಿಗೆ ಕಂಡಿಲ್ಲ. ಇದರ ಬಗ್ಗೆ ನಾನು ಆಗ ಹೆಚ್ಚು ಯೋಚಿಸಲಿಲ್ಲ. ಕೌಂಟರಿನಲ್ಲಿ ಸಾಲು ಉದ್ದವಿತ್ತು.

ಕೆಲವು ವರ್ಷಗಳ ಹಿಂದೆ ಕುಟುಂಬ ಸಮೇತ ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿ ಎಂದು ಹೊರಟೆವು. ನಮ್ಮ ಕಡೆಯವರ ಪ್ರವಾಸ ಸಾಮಾನ್ಯವಾಗಿ ಹೀಗೆಯೇ ಇರುತ್ತದೆ: ಆರು ದಿನದಲ್ಲಿ ಎಂಟು ದೇವರು. ಧರ್ಮಸ್ಥಳದಲ್ಲಿ ಜೀಪಿನ ಚಾಲಕ, ‘ಶಿಶಿಲಕ್ಕೆ ಒಂದು ಗಳಿಗೆ ಹೋಗಿ ಬರುವ, ಮೀನು ಉಂಟು’ ಎಂದ. ‘ಮೀನು ನೋಡೂದಕ್ಕ ಗುಡಿಗೆ ಹೋಗೂದೇನ್ರಿ?’ ಎಂದು ನನ್ನ ಹೆಂಡತಿ ಕೇಳಿದಳು. ಆದರೂ ಹೋದೆವು.

ಶಿಶಿಲ ಬೆಳ್ತಂಗಡಿ ತಾಲೂಕಿನ ಹಳ್ಳಿ. ಘಟ್ಟದಿಂದ ಇಳಿದು ಬರುವ ಕಪಿಲಾ ಹೊಳೆ ಶಿಶಿಲೇಶ್ವರ ದೇವಸ್ಥಾನದ ಮೆಟ್ಟಿಲನ್ನು ಒರೆಸಿಕೊಂಡು ಹರಿಯುತ್ತದೆ. ಮುಂದೆ ಇದರ ನೀರು ಕುಮಾರಧಾರೆಯ ಮೂಲಕ ನೇತ್ರಾವತಿಯನ್ನು ಕೂಡುತ್ತದೆ. ಒಂದು ಹಿಡಿ ಚುರಮರಿ ಎಸೆದಾಗ ಕಂಡದ್ದನ್ನು ನಾನು ಮರೆಯಲಾರೆ. ನೀರು ಒಮ್ಮೆಲೇ ಕಪ್ಪಾಯಿತು. ಒಂದರ ಮೇಲೊಂದು ಏರಿ, ಬೆನ್ನು ಹೊರಗೆ ಹಾಕಿ, ಮೊಳಕ್ಕೂ ಉದ್ದದ ಮೀನುಗಳು ಬಾಯಿ ತೆರೆದವು. ಬೆರಳಗಲದ ಹುರುಪೆಗಳು ಬಿಸಿಲಿಗೆ ಹಿತ್ತಾಳೆಯಂತೆ ಹೊಳೆಯುತ್ತಿದ್ದವು. ಒಂಬತ್ತನೆಯ ಇಯತ್ತೆಯಲ್ಲಿದ್ದ ಮಗಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ‘ಪಪ್ಪಾ, ಇವನ್ನ ಯಾರೂ ಹಿಡಿಯೂದಿಲ್ಲೇನು?’

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಉತ್ತರ ಕೊಟ್ಟರು. ‘ಹಿಡಿಯುವ ಕ್ರಮ ಇಲ್ಲ ಮಗಾ. ಇದು ಪೆರುವೋಳು. ದೇವರ ಮೀನು.’ ಆಮೇಲೆ ನನ್ನ ಕಡೆ ತಿರುಗಿ, ‘ನೀವು ಎಲ್ಲಿಂದ ಬಂದದ್ದು? ನಿಮ್ಮ ಕನ್ನಡ ಬೇರೆ ನಮೂನೆ ಉಂಟಲ್ಲ’ ಎಂದರು. ಅವರ ಕನ್ನಡವೂ ನಮಗೆ ಬೇರೆ ನಮೂನೆಯೇ. ಪಠ್ಯಪುಸ್ತಕ ಮಾತನಾಡಿದ ಹಾಗೆ ಕೇಳುತ್ತದೆ. ಮಹಾರಾಷ್ಟ್ರದಿಂದ ಎಂದೆ. ಅವರಿಗೆ ಆಶ್ಚರ್ಯವಾಯಿತು. ಅಲ್ಲಿಯೂ ಕನ್ನಡದವರು ಇದ್ದಾರೆಯೇ ಎಂದು ಕೇಳಲಿಲ್ಲ. ಆ ಪ್ರಶ್ನೆಯನ್ನು ಬೆಂಗಳೂರಿನವರು ಕೇಳುತ್ತಾರೆ. ಕಾಸರಗೋಡಿನಲ್ಲಿ ನೆಂಟರಿದ್ದವರು ಕೇಳುವುದಿಲ್ಲ.

ಅವರು ಮೀನುಗಳ ಸ್ಮಾರಕವನ್ನು ತೋರಿಸಿದರು. 1996ರಲ್ಲಿ ಯಾರೋ ದುಷ್ಕರ್ಮಿಗಳು ಹೊಳೆಗೆ ವಿಷ ಹಾಕಿದ್ದರು. ಸಾವಿರಾರು ದೇವರ ಮೀನುಗಳು ಸತ್ತು ತೇಲಿದವು. ಅವುಗಳ ನೆನಪಿಗೆ ಊರಿನಲ್ಲಿ ಸ್ಮಾರಕ ನಿಂತಿದೆ. ಮನುಷ್ಯರಿಗೆ, ಎತ್ತಿಗೆ, ನಾಯಿಗೆ ವೀರಗಲ್ಲು ನಿಲ್ಲಿಸಿದ ನಾಡು ನಮ್ಮದು. ಮೀನಿಗೂ ಕಲ್ಲು ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೊಂದೇ.

‘ಇಲ್ಲಿ ದೇವರ ಹೆದರಿಕೆ ಉಂಟು ಮಾರಾಯ್ರೆ,’ ಎಂದರು ಅವರು. ‘ಆದರೆ ಹೆದರಿಕೆ ದೇವಸ್ಥಾನ ಕಾಣುವಷ್ಟು ದೂರ. ಆ ತಿರುವು ಕಳೆದ ಮೇಲೆ ಮೀನು ಕೂಡ ಬರೇ ಮೀನು.’

ಈ ಮಾತು ನನಗೆ ಶೃಂಗೇರಿಯಲ್ಲೂ ಕಿವಿಯಲ್ಲಿತ್ತು. ಅಲ್ಲಿ ತುಂಗೆ ಪೇಟೆಯ ಮಗ್ಗುಲಲ್ಲೇ ಹರಿಯುತ್ತಾಳೆ. ವಿದ್ಯಾಶಂಕರ ದೇವಾಲಯದ ಹಿಂದಿನ ಘಟ್ಟದಲ್ಲಿ ಅದೇ ಜಾತಿಯ ದೊಡ್ಡ ಮೀನುಗಳು, ಅದೇ ನೂಕುನುಗ್ಗಲು. ನಾವು ಚುರಮರಿ ಎನ್ನುವುದನ್ನು ಅಲ್ಲಿ ಮಂಡಕ್ಕಿ ಎನ್ನುತ್ತಾರೆ. ಹಾಸನ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ವಹ್ನಿ ಪುಷ್ಕರಿಣಿ ಇದೆ. ನಿಮಗೆ ಇನ್ನೂ ಹತ್ತಿರದಲ್ಲಿ, ಸುಳ್ಯ ತಾಲೂಕಿನ ತೊಡಿಕಾನದಲ್ಲಿ ಮಲ್ಲಿಕಾರ್ಜುನ ದೇವಸ್ಥಾನದ ಬಳಿ ಮತ್ಸ್ಯತಟಾಕವಿದೆ. ಅಲ್ಲಿಯ ಹೊಳೆ ಪಯಸ್ವಿನಿಯನ್ನು ಸೇರಿ, ಗಡಿ ದಾಟಿ, ನಿಮ್ಮಲ್ಲಿ ಚಂದ್ರಗಿರಿ ಎನ್ನಿಸಿಕೊಳ್ಳುತ್ತದೆ. ಇವುಗಳಿಗೆ ಕಾವಲು ಎಂದರೆ ನಂಬಿಕೆ, ಆಮೇಲೆ ಸರಕಾರದ ನಿಷೇಧ. ಕೆಲಸ ಮಾಡುವ ವ್ಯವಸ್ಥೆ ಅದು; ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಈ ಮೀನು ಒಂದೇ ಮಡುವಿನಲ್ಲಿ ಬದುಕು ಮುಗಿಸುವುದಿಲ್ಲ. ಮಳೆಗಾಲದ ನೆರೆಯಲ್ಲಿ ಮೇಲಿನ ಸಣ್ಣ ತೊರೆಗಳಿಗೆ ಹತ್ತಿ, ಜಲ್ಲಿಕಲ್ಲಿನ ನಡುವೆ ಮೊಟ್ಟೆ ಇಟ್ಟು, ನೀರು ಇಳಿಯುವಾಗ ಮರಳುತ್ತದೆ. ಮೇಲೆ ಕಟ್ಟೆ ಕಟ್ಟಿದರೆ, ಕೆಳಗೆ ಮರಳು ತೆಗೆದರೆ, ದೇವಸ್ಥಾನದ ಮುಂದಿನ ನೂರು ಮಾರು ನೀರು ಅದಕ್ಕೆ ಸಾಲದು. ಇನ್ನೊಂದು ಮಾತು: ಮಂಡಕ್ಕಿಯ ಜೊತೆ ಪ್ಲಾಸ್ಟಿಕ್ ಚೀಲವನ್ನೂ ಹೊಳೆಗೆ ಕೊಡುವ ಭಕ್ತರು ನಮ್ಮ ಕಡೆಯವರೇ ಜಾಸ್ತಿ ಎಂದು ನೋಡಿ ನಾಚಿಕೆಯಾಯಿತು.

ಊರಿಗೆ ಮರಳಿದ ಮೇಲೆ ಈ ಮೀನಿನ ಬೆನ್ನು ಹತ್ತಿದೆ. ಕನ್ನಡದ ಪತ್ರಿಕೆಗಳಲ್ಲಿ ಮಹಶೀರ್ ಎಂದು ಬರೆಯುತ್ತಾರೆ. ಇದರ ಕಾಗದಪತ್ರಗಳನ್ನು ಹುಡುಕುತ್ತ ಹೋದರೆ ಮೊದಲು ಸಿಗುವುದು ನಿಮ್ಮದೇ ಹಳೆಯ ಜಿಲ್ಲೆ.

ಕಾಸರಗೋಡು ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದ ಕಾಲದಲ್ಲಿ, ಆ ಜಿಲ್ಲೆಯಲ್ಲಿ ಹೆನ್ರಿ ಸಲಿವನ್ ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿ ಇದ್ದ. ಗಾಳ ಹಾಕುವ ಹುಚ್ಚು ಅವನಿಗೆ. 1870ರಲ್ಲಿ ದಕ್ಷಿಣ ಕನ್ನಡದ ಮೀನುಸಾಕಣೆಯ ಬಗ್ಗೆ ಒಂದು ವರದಿ ಬರೆದ. 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಅವನ ಪುಸ್ತಕ ಮಂಗಳೂರಿನಲ್ಲೇ ಅಚ್ಚಾಯಿತು. ಮಹಶೀರ್ ಬಗ್ಗೆ ಬಿಳಿಯರಿಗೆ ಅದು ಬಹುಕಾಲ ಪಾಠಪುಸ್ತಕವಾಗಿತ್ತು. ಮರಿಮೀನುಗಳನ್ನು ಉಳಿಯಗೊಡದೆ ಬಳಿದು ಹಿಡಿಯುವುದು, ಹೊಳೆಗೆ ವಿಷ ಹಾಕುವುದು ನಿಲ್ಲಬೇಕೆಂದು ವಾದಿಸಿದವರಲ್ಲಿ ಅವನೊಬ್ಬ. ಕಾರೆಕಾಯಿ ಜಜ್ಜಿ ನೀರಿಗೆ ಹಾಕಿದರೆ ಮೀನು ಅಮಲೇರಿ ತೇಲುವುದು ಹಳ್ಳಿಯ ಹಳೆಯ ವಿದ್ಯೆ. ಸಿಡಿಮದ್ದಿನ ತೋಟೆ ಆಮೇಲೆ ಬಂದದ್ದು. ಇದನ್ನು ಮಲಯಾಳದಲ್ಲೂ ‘ತೋಟ್ಟ’ ಎನ್ನುತ್ತಾರಂತೆ. ಕೆಟ್ಟ ವಸ್ತುಗಳಿಗೆ ಗಡಿಯ ಎರಡೂ ಕಡೆ ಒಂದೇ ಹೆಸರು ಬೇಗ ಕೂಡಿಕೊಳ್ಳುತ್ತದೆ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಈ ಎರಡನ್ನೂ, ವಿಷವನ್ನೂ ಸಿಡಿಮದ್ದನ್ನೂ, ಅಪರಾಧವೆಂದು ಸಾರಿತು. ಅದಾಗಿ 99 ವರ್ಷಕ್ಕೆ ಶಿಶಿಲದ ಹೊಳೆಗೆ ವಿಷ ಬಿತ್ತು.

ಅದೇ ಬಿಳಿಯರು ತಮ್ಮ ಊರಿನ ಟ್ರೌಟ್ ಮೀನನ್ನು ಇಲ್ಲಿಗೆ ತರಲು ಪಟ್ಟ ಪಾಡು ದೊಡ್ಡದು. ಹಡಗಿನಲ್ಲಿ ಮಂಜುಗಡ್ಡೆಯ ನಡುವೆ ಮೊಟ್ಟೆಗಳನ್ನು ಇಟ್ಟು ತಂದರು. ನೀಲಗಿರಿಯಲ್ಲಿ 1860ರ ದಶಕದ ಪ್ರಯತ್ನ ಫಲಿಸಲಿಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಫಲಿಸಿತು. ಕಾಶ್ಮೀರದಲ್ಲಿ 1900ರ ಸುಮಾರಿಗೆ ನೆಲೆಗೊಂಡಿತು. ಕೇರಳದಲ್ಲಿ ಮುನ್ನಾರಿನ ಚಹಾ ತೋಟಗಳ ಮೇಲಿನ ತೊರೆಗಳಿಗೂ ಬಂತು. ಅದಕ್ಕೆ ತಣ್ಣನೆಯ, ಓಡುವ, ತಿಳಿನೀರೇ ಬೇಕು. ನಮ್ಮ ಏಪ್ರಿಲ್ ತಿಂಗಳ ಕೆರೆಗೆ ಬಿಟ್ಟರೆ ಬೇಯಿಸುವ ಶ್ರಮ ಉಳಿಯುತ್ತದೆ. ಟ್ರೌಟಿಗೆ ಸಾಕುಮನೆ, ಕಾವಲುಗಾರ, ಲೈಸೆನ್ಸು, ಲೆಕ್ಕದ ಪುಸ್ತಕ ಎಲ್ಲವೂ ಇದ್ದವು. ನಮ್ಮ ಕೆರೆಯ ಕಾಟ್ಲಾಗೆ ಕಾಲಂ ಇದ್ದ ಹಾಗೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾವೇರಿಯಲ್ಲಿ ಒಂದು ಮಹಶೀರ್ ಇದೆ. ಅದರ ಬೆನ್ನು ಎತ್ತಿನ ಹಿಣಿಲಿನಂತೆ ಎತ್ತರ, ರೆಕ್ಕೆ ಮತ್ತು ಬಾಲದ ಅಂಚು ಕಿತ್ತಳೆ ಬಣ್ಣ. 1946ರ ಮಾರ್ಚ್ 22ರಂದು, ಹುಲಿ ಚಿರತೆಗಳ ಚರ್ಮ ತುಂಬಿ ನಿಲ್ಲಿಸುವುದಕ್ಕೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ಹೊಳೆಯಲ್ಲಿ ಗಾಳಕ್ಕೆ ಹಿಡಿದದ್ದು 120 ಪೌಂಡಿನದು. ನಮ್ಮ ತೂಕದಲ್ಲಿ 54 ಕಿಲೋ. ಆಮೇಲಿನ ದಶಕಗಳಲ್ಲಿ ತೋಟೆ, ಸಣ್ಣ ಕಣ್ಣಿನ ಬಲೆ, ಅಣೆಕಟ್ಟುಗಳಿಂದ ಅದು ಕಡಿಮೆಯಾಯಿತು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘದವರು ಕಾವೇರಿಯ ಒಂದು ಭಾಗವನ್ನು ಗುತ್ತಿಗೆ ಹಿಡಿದು ಕಾದರು. ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳಗಾರರ ಶಿಬಿರಗಳಾದವು. ಹಿಡಿದ ಮೀನನ್ನು ತೂಗಿ ಹೊಳೆಗೇ ಬಿಡಬೇಕು ಎಂಬುದು ಅಲ್ಲಿಯ ನಿಯಮ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಹಳ್ಳಿಗರಲ್ಲಿ ಕೆಲವರು ಅಲ್ಲಿ ಮಾರ್ಗದರ್ಶಿಗಳಾಗಿ ಸಂಬಳಕ್ಕೆ ನಿಂತರು. ತೋಟೆಯ ಸದ್ದು ಕೇಳಿದರೆ ಮೊದಲು ಓಡುವವರು ಅವರೇ.

ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರ ತನಕ ಯಾವ ದಿನ, ಎಷ್ಟು ಹೊತ್ತು, ಯಾವ ಮೀನು, ಎಷ್ಟು ತೂಕ ಎಂದು ದಾಖಲೆ ಇಟ್ಟಿದ್ದರು. ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕ. ವಿಜ್ಞಾನಿಗಳು ಅದನ್ನು ತೆಗೆದು ಕೂಡಿಸಿ ಕಳೆದಾಗ ಒಂದು ಸಂಗತಿ ಹೊರಬಿತ್ತು. ಹೊಳೆಯಲ್ಲಿ ಒಟ್ಟು ಮಹಶೀರ್‌ಗಳ ಸಂಖ್ಯೆ ಏರಿತ್ತು, ಎಲ್ಲರೂ ಸಂತೋಷಪಟ್ಟಿದ್ದರು. ಆದರೆ ಏರಿದ್ದು ನೀಲಿ ರೆಕ್ಕೆಯ ಬೇರೊಂದು ಜಾತಿ. ಕಿತ್ತಳೆ ರೆಕ್ಕೆಯ ಉಬ್ಬುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತ್ತು. ಒಟ್ಟು ಮೊತ್ತ ಸರಿಯಿದ್ದು ಒಳಗಿನ ಖಾತೆ ಬರಿದಾಗುವುದನ್ನು ಬ್ಯಾಂಕಿನವರು ಬಲ್ಲರು.

ನೀಲಿ ರೆಕ್ಕೆಯದು ಎಲ್ಲಿಂದ ಬಂತು? ನಮ್ಮ ಕಡೆಯಿಂದ! 1970ರ ದಶಕದಿಂದ ಟಾಟಾ ವಿದ್ಯುತ್ ಕಂಪನಿಯವರು ಲೋಣಾವಳದ ಸಾಕುಮನೆಯಲ್ಲಿ ಮಹಶೀರ್ ಮರಿಗಳನ್ನು ಲಕ್ಷಗಟ್ಟಲೆ ಬೆಳೆಸಿದರು. ಅಳಿವಿನ ಅಂಚಿನ ಮೀನನ್ನು ಉಳಿಸುವ ಒಳ್ಳೆಯ ಉದ್ದೇಶದ ದೊಡ್ಡ ಕೆಲಸ ಅದು. ಆ ಮರಿಗಳನ್ನು ದೇಶದ ಅನೇಕ ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಮಹಶೀರ್ ಎಂದರೆ ಎಲ್ಲವೂ ಮಹಶೀರ್ ಎಂದು ಆಗ ತಿಳಿದಿದ್ದರು. ಈ ಜಾತಿಯನ್ನು 1839ರಲ್ಲಿ ಮೊದಲು ಬರೆದಿಟ್ಟವನು ಕರ್ನಲ್ ಸೈಕ್ಸ್, ಪುಣೆಯ ಬಳಿಯ ಮುಳಾ-ಮುಠಾ ನದಿಯಲ್ಲಿ. ಆ ನೀರು ಭೀಮೆಗೆ ಬರುತ್ತದೆ, ಭೀಮೆ ನಮ್ಮ ಬೆನ್ನಿಗೆ ಹರಿಯುತ್ತಾಳೆ. ತನ್ನ ನೀರಿನಲ್ಲಿ ಅದು ಯಾರಿಗೂ ಕೇಡು ಮಾಡಿದ್ದಲ್ಲ. ಕಾವೇರಿಗೆ ಅದು ತಾನಾಗಿ ಹೋದದ್ದೂ ಅಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಹೆಸರಿನ ಕಥೆ. ಕಾವೇರಿಯ ಆ ದೊಡ್ಡ ಮೀನನ್ನು ನೂರಾರು ಗಾಳಗಾರರು ಹಿಡಿದಿದ್ದರು, ಫೋಟೋ ತೆಗೆಸಿಕೊಂಡಿದ್ದರು, ಗೋಡೆಗೆ ತೂಗುಹಾಕಿದ್ದರು. ದಂಡೆಯ ಬೆಸ್ತರಿಗೆ ಅದು ಕತ್ತಲಲ್ಲೂ ಗುರುತು. ಆದರೆ ಅದಕ್ಕೆ ಶಾಸ್ತ್ರದಲ್ಲಿ ತನ್ನದೇ ಹೆಸರು ಇರಲಿಲ್ಲ. ಬಹುಕಾಲ ಅದನ್ನು ‘ಮುಸುಲ್ಲಾ’ ಎನ್ನುತ್ತಿದ್ದರು. ಆ ಹೆಸರೂ ಸೈಕ್ಸ್ ಬರೆದದ್ದೇ, ಭೀಮೆಯನ್ನು ಕೂಡುವ ಘೋಡ ನದಿಯ ಬೇರೆ ಯಾವುದೋ ಮೀನಿಗೆ. ವಿಜ್ಞಾನಿಗಳು ಆ ಹೆಸರನ್ನು ಅದರ ನಿಜವಾದ ಒಡೆಯನಿಗೆ ಮರಳಿಸಿದಾಗ ಕಾವೇರಿಯ ಮೀನು ಹೆಸರಿಲ್ಲದೆ ನಿಂತಿತು. ಹೆಸರಿಲ್ಲದ ಮೀನನ್ನು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿಸಲು ಬರುವುದಿಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ರಕ್ಷಣೆ ಕೇಳುವುದು ಹೇಗೆ? ಕೊನೆಗೆ 2018ರಲ್ಲಿ ಉತ್ತರ ಸಿಕ್ಕಿತು. ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಮೀನುಗಳನ್ನು ಪರೀಕ್ಷಿಸಿದಾಗ, ಕೇರಳದ ಇಬ್ಬರು ವಿಜ್ಞಾನಿಗಳು ಪಾಂಬಾರ್ ನದಿಯಿಂದ 2011ರಲ್ಲಿ ವರ್ಣಿಸಿದ್ದ ಜಾತಿಯೇ ಇದು ಎಂದು ತಿಳಿಯಿತು. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿದು ಕಾವೇರಿಗೆ ನೀರು ಕೊಡುವವು ಮೂರೇ: ಕಬಿನಿ, ಭವಾನಿ, ಪಾಂಬಾರ್. ಮೀನು ತಜ್ಞೆ ಕೆ. ರೆಮಾದೇವಿಯವರ ಗೌರವಾರ್ಥ ಇಟ್ಟ ‘ಟೋರ್ ರೆಮಾದೇವಿ’ ಎಂಬ ಹೆಸರು ಕಾವೇರಿಯ ಮೀನಿಗೆ ಬಂತು. ಅದೇ ವರ್ಷ ಅದು ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ‘ಅತ್ಯಂತ ಅಪಾಯದಲ್ಲಿರುವ’ ಜೀವಿಗಳ ಸಾಲಿಗೆ ಸೇರಿತು. ಮರಾಠಿ ಸೀಮೆಯ ತಪ್ಪು ಹೆಸರಿನಲ್ಲಿ ಇದ್ದ ಕನ್ನಡದ ಹೊಳೆಯ ಮೀನಿಗೆ ಮಲಯಾಳದ ಹೊಳೆಯೊಂದು ಸರಿಯಾದ ಹೆಸರು ಕೊಟ್ಟಿತು. ಈ ಸಂಚಿಕೆಯ ಓದುಗರಿಗೆ ಇದನ್ನು ಹೇಳಬೇಕೆಂದೇ ನಾನು ಲೇಖನಕ್ಕೆ ಒಪ್ಪಿಕೊಂಡೆ.

ಇದನ್ನು ಇಷ್ಟು ಬೆಳೆಸುವುದೇಕೆ ಎನ್ನಬಹುದು. ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದು ನನ್ನ ಮೇಜಿನ ಮುಂದೆ ದಿನಕ್ಕೆ ನಾಲ್ಕು ಸಲ ನಡೆಯುತ್ತದೆ. ಕನ್ನಡ ಶಾಲೆಯ ದಾಖಲೆಯಲ್ಲಿ ಮಲ್ಲವ್ವ. ಮರಾಠಿ ಕಾಗದದಲ್ಲಿ ಮಲವಾ. ಅಲ್ಲಿ ಬಸಪ್ಪ, ಇಲ್ಲಿ ಬಸಾಪಾ. ಕಂಪ್ಯೂಟರು ‘ಹೆಸರು ಹೊಂದುತ್ತಿಲ್ಲ’ ಎನ್ನುತ್ತದೆ. ಮುದುಕಿ ಎದುರಿಗೇ ನಿಂತಿದ್ದಾಳೆ, ನನಗೆ ಹುಟ್ಟಿದಾಗಿನಿಂದ ಗೊತ್ತು, ಅವಳ ಗಂಡನ ಹೊಲದ ಮಣ್ಣಿನ ಬಣ್ಣವೂ ಗೊತ್ತು. ಆದರೂ ಪ್ರತಿಜ್ಞಾಪತ್ರ ತಾ ಎಂದು ಕಳಿಸಬೇಕು. ಒಮ್ಮೆ ಒಂದು ಬರಪರಿಹಾರದ ಹಣ ಹೀಗೆ ಎರಡು ಅಕ್ಷರದ ನಡುವೆ ಸಿಕ್ಕಿ ಎಂಟು ತಿಂಗಳು ನಿಂತಿತ್ತು. ತಡಮಾಡಿದ ಕಚೇರಿ ಯಾವುದೆಂದು ಬರೆಯುವುದಿಲ್ಲ. ಅಲ್ಲಿಯೂ ನನ್ನಂಥ ಗುಮಾಸ್ತನೇ ಕುಳಿತಿರುತ್ತಾನೆ.

ಗಾಲಿಬೋರೆಯ ಲೆಕ್ಕದ ಪುಸ್ತಕ 2012ಕ್ಕೆ ನಿಂತಿತು. ಅಭಯಾರಣ್ಯದೊಳಗೆ ಗಾಳ ಹಾಕುವುದು ವನ್ಯಜೀವಿ ಕಾಯ್ದೆಗೆ ಒಪ್ಪುವುದಿಲ್ಲವೆಂದು ಶಿಬಿರಗಳ ಗಾಳಗಾರಿಕೆ ಮುಚ್ಚಿತು. ಮೋಜಿಗಾಗಿ ಮೀನಿನ ಬಾಯಿಗೆ ಕೊಕ್ಕೆ ಚುಚ್ಚುವುದು ನನಗೂ ಒಗ್ಗದ ಸಂಗತಿ. ಆದರೆ ಲೆಕ್ಕ ಬರೆಯುವವನೂ ರಾತ್ರಿ ಹೊಳೆಯ ಸದ್ದು ಕೇಳುವವನೂ ಅವರ ಜೊತೆಗೇ ಎದ್ದು ಹೋದರಲ್ಲ ಎಂಬುದು ಮನಸ್ಸಿಗೆ ಸರಿಬರುವುದಿಲ್ಲ. ಗಾಳಕ್ಕೆ ನಿಷೇಧ ಹಾಕಿದವರು ಲೆಕ್ಕಕ್ಕೆ ಬೇರೆ ಏರ್ಪಾಡು ಮಾಡಬಹುದಿತ್ತು.

ನಮ್ಮೂರ ಕಡೆ ಈಗ ನೀರಿನ ಸುದ್ದಿ ಬದಲಾಗುತ್ತಿದೆ. 2022ರ ನವೆಂಬರಿನಲ್ಲಿ ಜತ್ತ ತಾಲೂಕಿನ ಹಳ್ಳಿಗಳ ಹೆಸರು ಎರಡೂ ರಾಜ್ಯದ ಪತ್ರಿಕೆಗಳಲ್ಲಿ ದಿನವೂ ಬಂತು. ಹಿಂದೊಮ್ಮೆ ನಮ್ಮವರು ‘ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ’ ಎಂದು ಠರಾವು ಮಾಡಿದ್ದನ್ನು ಕರ್ನಾಟಕದ ಮುಖ್ಯಮಂತ್ರಿ ನೆನಪಿಸಿದ್ದರು. ಗದ್ದಲ ಎದ್ದಿತು. ಆ ದಿನಗಳಲ್ಲಿ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿಯ ಈಚೆಗೂ ಹರಿಯಿತು. ಇತ್ತ ಮಹಾರಾಷ್ಟ್ರದ ಮ್ಹೈಸಾಳ ಯೋಜನೆಯನ್ನು ತಾಲೂಕಿನ ಪೂರ್ವದ ಹಳ್ಳಿಗಳಿಗೂ ವಿಸ್ತರಿಸುವ ಮಾತು ಗಟ್ಟಿಯಾಯಿತು. ಎರಡೂ ಕಡೆಯ ನೀರು ಕೃಷ್ಣೆಯದೇ. ರಾಜಕಾರಣದ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ, ನಿಮಗೆ ಅದರ ರುಚಿ ನನಗಿಂತ ಚೆನ್ನಾಗಿ ಗೊತ್ತಿದೆ.

ನೀರಿನ ಜೊತೆ ಮೀನೂ ಬರುತ್ತವೆ. ತಾತ್ಯಾ ಕಳೆದ ಮಳೆಗಾಲದ ನಂತರ ಬ್ಯಾಂಕಿಗೆ ಬಂದಾಗ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ‘ಇದು ನಮ್ಮ ಹಳ್ಳದ್ದಲ್ಲರಿ ಸಾಹೇಬ್ರ. ನೀರಿನ ಬೆನ್ನ ಹತ್ತಿ ಬಂದದ. ಚಿಲಾಪಿ ಹೆಚ್ಚಾಗ್ಯಾವು, ಕೊರವ ಕಡಿಮಿ ಬೀಳಾಕತ್ತಾವು.’ ಚಿಲಾಪಿ ಎಂದರೆ ತಿಲಾಪಿಯಾ, ಕರ್ನಾಟಕದಲ್ಲಿ ಜಿಲೇಬಿ ಮೀನು. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ಮೀನು. ನಿಂತ ನೀರಿನಲ್ಲೇ ಮರಿ ಮಾಡಿ ಕೆರೆ ತುಂಬುತ್ತದೆ. ತಖ್ತೆಯಲ್ಲಿ ಅದೂ ‘ಇತರ’ದಲ್ಲೇ ಹೋಗುತ್ತದೆ. ಹಾಗಾಗಿ ಕೊರವ ಇಳಿದು ಚಿಲಾಪಿ ಏರಿದರೂ ಕಾಗದದ ಮೇಲೆ ಏನೂ ಆಗಿಲ್ಲ. ಇತರ ಹೋದ ವರ್ಷದಷ್ಟೇ ಇದೆ, ಒಂದಿಷ್ಟು ಜಾಸ್ತಿಯೇ ಇದೆ.

ಅಂದು ಶನಿವಾರ, ಗಿರಾಕಿಗಳು ಕಡಿಮೆ. ತಾತ್ಯಾನನ್ನು ಕೂಡಿಸಿಕೊಂಡು ಚಹಾ ತರಿಸಿದೆ. ಬಳಸದೇ ಉಳಿದ ಒಂದು ಹಳೆಯ ಡೇಬುಕ್ ಕಪಾಟಿನಲ್ಲಿತ್ತು. ಅದರಲ್ಲಿ ಮೂರು ಕಾಲಂ ಗೆರೆ ಹಾಕಿದೆ: ಕನ್ನಡದ ಹೆಸರು, ಮರಾಠಿ ಹೆಸರು, ಯಾವ ವರ್ಷದ ತನಕ ಸಿಕ್ಕಿತು. ತಾತ್ಯಾ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಕೊರವ, ಚೇಳುಮೀನು, ಹಾವುಮೀನು, ಬಾಳೆಮೀನು. ಕೆಲವಕ್ಕೆ ಮರಾಠಿ ಹೆಸರು ಮಾತ್ರ ನೆನಪಿತ್ತು, ಕೆಲವಕ್ಕೆ ಕನ್ನಡದ್ದು ಮಾತ್ರ. ಇಸವಿಗಳನ್ನು ಅವರು ಮದುವೆ, ಬರ, ಎಮ್ಮೆ ಸತ್ತದ್ದು, ಇವುಗಳ ಮೇಲೆ ಲೆಕ್ಕ ಹಾಕಿದರು. ನಾನು ಕ್ಯಾಲೆಂಡರಿಗೆ ಹೊಂದಿಸಿಕೊಂಡೆ. ನನ್ನ ಮಗಳಿಗೆ ರಾತ್ರಿ ಓದಿ ಹೇಳಿದಾಗ ನಾಲ್ಕು ಹೆಸರು ಮಾತ್ರ ಕೇಳಿ ಗೊತ್ತಿತ್ತು, ಅದರಲ್ಲಿ ಮೂರು ಮರಾಠಿಯವು. ಅವಳು ಮೊಬೈಲಿನಲ್ಲಿ ಚಿತ್ರ ಹುಡುಕಿ ಕೊಡುತ್ತೇನೆಂದು ಕುಳಿತಳು. ಆರು ಮೀನುಗಳ ಚಿತ್ರ ಸಿಕ್ಕಿತು. ಈ ಸಲ ತಾತ್ಯಾ ಅವನ್ನು ನೋಡಿ ಎರಡನ್ನು ‘ಇದಲ್ಲ’ ಎಂದು ತಿರಸ್ಕರಿಸಿದರು.

ಈವರೆಗೆ ಹದಿನಾಲ್ಕು ಹೆಸರು ಆಗಿವೆ. ಇನ್ನೆರಡು ಮೀನುಗಳನ್ನು ಅವರು ಕೈಯಲ್ಲಿ ಅಳತೆ ತೋರಿಸಿ, ಮೀಸೆ ಹೀಗೆ, ಬೆನ್ನ ಮೇಲಿನ ಚುಕ್ಕೆ ಹೀಗೆ ಎಂದು ವರ್ಣಿಸಿದರು. ಹೆಸರು ಬಾಯಿಗೆ ಬರಲಿಲ್ಲ. ‘ನಮ್ಮವ್ವ ಅಂತಿದ್ಲು ಒಂದು ಹೆಸರು. ಅಕ್ಕಗ ಗೊತ್ತಿರ್ತದ. ಭೀಮಿ ದಂಡಿಗೆ ಕೊಟ್ಟೇವಿ ಆಕೀನ್ನ. ಬನದ ಹುಣ್ಣಿವಿಗೆ ಬರ್ತಾಳ, ಕೇಳಿ ಹೇಳ್ತೀನ್ರಿ’ ಎಂದರು. ಡೇಬುಕ್ಕಿನಲ್ಲಿ ಎರಡು ಸಾಲು ಬಿಟ್ಟಿದ್ದೇನೆ.